ತುಂಬಿದ ಬಾಟಲಿ ಹಾಗೆಯೇ ಮನೆಗೆ ಬರುತ್ತಿದೆಯಾ?

ಪ್ರಿಯ ಪೋಷಕರೇ, ನಮಸ್ಕಾರ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರೆ. ನಮ್ಮ ರಾಯಚೂರು ಕಡೆ ಅದು ಹೋಗುವ ಮೊದಲೇ ಬಿಸಿಲು ಬಂದು ಕೂತಿರುತ್ತದೆ, ನಿಮಗೆ ನಾನು ಹೇಳಬೇಕಿಲ್ಲ. ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ದೊಡ್ಡವರ ಪಾಡೇ ಹೀಗಿರುವಾಗ ಮಕ್ಕಳದ್ದು?

ಹೋದ ವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಮಕ್ಕಳ ನೀರಿನ ಬಾಟಲಿ ಎತ್ತಿ ಎತ್ತಿ ನೋಡಿದೆ. ಅರ್ಧಕ್ಕಿಂತ ಜಾಸ್ತಿ ಬಾಟಲಿಗಳು ತುಂಬಿದ ಹಾಗೆಯೇ ಇದ್ದವು. ಆರು, ಏಳನೇ ತರಗತಿ ಹುಡುಗಿಯರಂತೂ ಮುಚ್ಚಳವನ್ನೇ ತೆಗೆದಿರಲಿಲ್ಲ. ಮೊದಲು ಸಿಟ್ಟೇ ಬಂತು. 2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ ನಮ್ಮ ರಾಜ್ಯದಲ್ಲೂ ಮಕ್ಕಳು ನೀರು ಕುಡಿಯಲಿ ಅಂತಲೇ ಹೊಡೆಯುವ ನೀರಿನ ಗಂಟೆ ಶುರು ಮಾಡಿದರಲ್ಲ, ಅದನ್ನು ನಾವೂ ಹೊಡೆಯುತ್ತೇವೆ, ಹೊಡೆದರೂ ಕುಡಿಯುವುದಿಲ್ಲ ಅಂದರೆ ಏನು ಅಂತ. ಆಮೇಲೆ ನಮ್ಮ ಮೇಡಂ ಒಬ್ಬರು ಹುಡುಗಿಯರನ್ನು ಕೂರಿಸಿಕೊಂಡು ಮೆಲ್ಲಗೆ ಕೇಳಿದರು. "ಕುಡಿದ್ರ ಒಂದಕ್ಕ ಹೋಗ್ಬೇಕಲ್ರಿ ಟೀಚರ್, ಬಾಗಿಲಿಗೆ ಚಿಲಕ ಇಲ್ಲ."

ತಪ್ಪು ನಮ್ಮದು. ಆ ಚಿಲಕ ಯಾವಾಗ ಮುರಿಯಿತು ಅಂತ ನನಗೇ ಗೊತ್ತಿರಲಿಲ್ಲ. ಈಗ ಹಾಕಿಸಿದ್ದೇವೆ, ಒಳಗೆ ಬಕೆಟ್ಟು, ಮಗ್ಗು ಇಟ್ಟಿದ್ದೇವೆ. ಪಾಠದ ನಡುವೆ ಕೇಳಿದರೂ ಬಿಡಬೇಕು ಅಂತ ಶಿಕ್ಷಕರಿಗೆ ಹೇಳಿದ್ದೇನೆ. (ಕೆಲವರು ಲೆಕ್ಕದ ಪೀರಿಯಡ್ಡಿನಲ್ಲೇ ಎದ್ದು ಹೋಗುತ್ತಾರೆ, ಗೊತ್ತು. ಹೋಗಲಿ ಬಿಡಿ.)

ನೀರು ಬಿಟ್ಟು, ಮೂತ್ರ ಕಟ್ಟಿಕೊಂಡು ಕೂತರೆ ತಲೆನೋವು, ಮಂಪರು, ಮಲಬದ್ಧತೆ, ಉರಿಮೂತ್ರ ಒಂದರ ಹಿಂದೆ ಒಂದು ಬರುತ್ತವೆ. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ನೀರು ಸಾಲದು ಅಂತ ಮಕ್ಕಳಿಗೆ ನೀವೇ ಹೇಳಿಕೊಡಿ. ಅದರಲ್ಲಿ ನಾಚಿಕೆ ಏನಿಲ್ಲ.

ಮನೆಯಲ್ಲಿ ಅಜ್ಜ, ಅಜ್ಜಿ ಇದ್ದಾರಲ್ಲ, ಅವರ ಕಡೆಯೂ ಸ್ವಲ್ಪ ನೋಡಿ. ವಯಸ್ಸಾದ ಹಾಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. ನಮ್ಮ ಅವ್ವನನ್ನು ಕೇಳಿದರೆ "ನೀರಡಿಕಿ ಇಲ್ಲಪ್ಪ" ಅನ್ನುತ್ತಾಳೆ, ಆದರೆ ನಿಜವಾದ ಕಾರಣ ಬೇರೆ, ರಾತ್ರಿ ಕತ್ತಲಲ್ಲಿ ಏಳಬೇಕಾಗುತ್ತದೆ ಅಂತ ಸಂಜೆಯಿಂದಲೇ ಬಿಟ್ಟುಬಿಡುತ್ತಾಳೆ. ನಮ್ಮ ಹುಡುಗಿಯರದ್ದೇ ಲೆಕ್ಕ. ಬಚ್ಚಲ ದಾರಿಗೆ ಒಂದು ಸಣ್ಣ ಬಲ್ಬು ಹಾಕಿಸಿದೆ, ಹಗಲು ಹೊತ್ತು ತಾಸಿಗೊಮ್ಮೆ ಅರ್ಧ ಲೋಟ ಮಜ್ಜಿಗೆಯೋ ನೀರೋ ಕೈಗೆ ಕೊಡುತ್ತೇವೆ. ಕಿಡ್ನಿ, ಹೃದಯದ ತೊಂದರೆ ಇರುವವರು ಡಾಕ್ಟರು ಹೇಳಿದಷ್ಟೇ ಕುಡಿಯಲಿ. ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲೂ ತಾಯಿ ಹಾಲೇ ಸಾಕು, ನೀರು ಹಾಕಬೇಡಿ. ಕುಡಿಯಬೇಕಾದವಳು ಹಾಲುಣಿಸುವ ತಾಯಿ.

ವಾಂತಿ, ಭೇದಿ ಆದರೆ ಓಆರ್‌ಎಸ್ ಪುಡಿ ಕೊಡಿ. 1 ಲೀಟರಿನ ಪೊಟ್ಟಣವನ್ನು ಪೂರ್ತಿ 1 ಲೀಟರ್ ಕಾಯಿಸಿ ಆರಿಸಿದ ನೀರಿಗೇ ಹಾಕಬೇಕು, ಲೋಟಕ್ಕೆ ಸ್ವಲ್ಪ ಸ್ವಲ್ಪ ಅಂತ ಅಂದಾಜಿಗೆ ಹಾಕಬಾರದು. ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟವಾಗಿ ಅಳೆದು. ಅಂಗಡಿಯಲ್ಲಿ ಓಆರ್‌ಎಸ್ ಅಂತ ಹೆಸರು ಹಾಕಿ ಡಬ್ಬಿ ಡಬ್ಬಿ ಮಾರುತ್ತಿದ್ದ ಸಿಹಿ ಪಾನೀಯಗಳು ನಿಜವಾದ ಓಆರ್‌ಎಸ್ ಅಲ್ಲವೇ ಅಲ್ಲ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದ್ದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥವುಗಳ ಮೇಲೆ ಆ ಹೆಸರು ಹಾಕಬಾರದು ಅಂತ ಆದೇಶ ಮಾಡಿತು.

ಬಣ್ಣಬಣ್ಣದ ದುಬಾರಿ ಬಾಟಲಿ ಬೇಡ, ದಿನಾ ತೊಳೆದದ್ದು ಸಾಕು. ಸಂಜೆ ಅದು ತುಂಬಿಯೇ ಬಂದರೆ ಬೈಯಬೇಡಿ, ಯಾಕೆ ಅಂತ ಕೇಳಿ, ಮಕ್ಕಳು ಏನಂದರು ಅಂತ ನನಗೂ ಹೇಳಿ. ಶನಿವಾರ ಪೋಷಕರ ಸಭೆಗೆ ಬಂದಾಗ ಹಾಗೆಯೇ ಹಿಂದಕ್ಕೆ ನಡೆದು ಶೌಚಾಲಯವನ್ನೂ ಒಮ್ಮೆ ನೋಡಿ. ಚಿಲಕ ಎಳೆದು ನೋಡಿ.

ನಿಮ್ಮ,
ಮುಖ್ಯ ಗುರುಗಳು