ಗೆಳೆಯನಿಗೊಂದು ಪತ್ರ: ಬೆಂಜ್ ಲಾರಿಗೆ ಬಣ್ಣ ಹೊಡೆಯುವ ಮೊದಲು

ಪ್ರಿಯ ಗೆಳೆಯಾ,

ನಾಲ್ಕಾರು ಜನ ಸೇರಿ ಹಳೆಯ ಲಾರಿಗಳ ಕ್ಲಬ್ ಕಟ್ಟುತ್ತೇವೆ, ಅಕ್ಕಿ ಗಿರಣಿಯ ಹಿತ್ತಿಲಲ್ಲಿ ನಿಂತಿರುವ ಟಾಟಾ ಮರ್ಸಿಡಿಸ್ ಬೆಂಜ್‌ನಿಂದಲೇ ಶುರು ಮಾಡುತ್ತೇವೆ ಎಂದು ಬರೆದಿದ್ದೀಯ. ಓದಿ ತುಂಬಾ ಖುಷಿಯಾಯಿತು. ಆದರೆ ಹಳೆಯ ಬಾಡಿ ಕಿತ್ತು ಹೊಸದು ಕಟ್ಟಿಸಿ, ಪಳಪಳ ಬಣ್ಣ ಹೊಡೆಸಿ ದಸರಾ ಮೆರವಣಿಗೆಗೆ ಇಳಿಸುವ ಮಾತೂ ಅದರಲ್ಲೇ ಇದೆ. ದಯವಿಟ್ಟು ಅದೊಂದನ್ನು ಮಾಡಬೇಡ.

ಯಾಕೆ ಅಂತ ಹೇಳುತ್ತೇನೆ. 1954ರಲ್ಲಿ ಟಾಟಾದವರ ಲಾರಿ ಕಂಪನಿ ಟೆಲ್ಕೊ ಮತ್ತು ಡೈಮ್ಲರ್ ಬೆಂಜ್ ನಡುವೆ 15 ವರ್ಷದ ಒಪ್ಪಂದವಾಯಿತು. ಜಮ್ಶೆಡ್‌ಪುರದಿಂದ ಹೊರಬಿದ್ದ ಲಾರಿಗಳ ಮೂತಿಯ ಮೇಲೆ 1969ರವರೆಗೆ ಬೆಂಜ್‌ನ ಮೂರು ಮೊನೆಯ ನಕ್ಷತ್ರ ಇತ್ತು. ಅದಕ್ಕೇ ಟಾಟಾ ಲಾರಿಗೂ ನಮ್ಮ ಜನ ‘ಬೆಂಜ್’ ಅಂತಲೇ ಅಂದರು. ಕಂಪನಿ ಕೊಡುತ್ತಿದ್ದುದು ಸಾಮಾನ್ಯವಾಗಿ ಚಾಸಿ, ಎಂಜಿನ್, ಮುಂದಿನ ಕೌಲ್ (ಮೂತಿಯ ತಗಡಿನ ಭಾಗ), ಇಷ್ಟೇ. ಕ್ಯಾಬಿನ್, ಬಾಗಿಲು, ತಲೆ ಮೇಲಿನ ಕ್ಯಾರಿಯರ್, ಹಿಂದಿನ ತೊಟ್ಟಿ, ಅದರ ಡಾಲಾ (ಬಿಚ್ಚಿ ಇಳಿಸುವ ಹಲಗೆ), ಎಲ್ಲವನ್ನೂ ಕಟ್ಟಿದ್ದು ನಮ್ಮ ಕಡೆಯ ಬಡಗಿ, ಕಮ್ಮಾರ, ಟಿಂಕರ್‌ಗಳು. ನಕ್ಷೆ ಇಲ್ಲ, ಮೇಸ್ತ್ರಿಯ ಕಣ್ಣಳತೆಯೇ ಅಳತೆ. ಅಂಥದೇ ಎಂಜಿನ್ ಇನ್ನೊಂದು ಗುಜರಿಯಲ್ಲಿ ಸಿಕ್ಕೀತು, ಆ ಬಾಡಿ ಮತ್ತೆಲ್ಲೂ ಸಿಗುವುದಿಲ್ಲ. ನೀನು ಕಿತ್ತು ಬಿಸಾಡಲು ಹೊರಟಿರುವುದು ಆ ಲಾರಿಯ ಅಪ್ಪಟ ಕನ್ನಡ ಭಾಗವನ್ನು.

ಕೈ ಹಾಕುವ ಮೊದಲು ಕಾಗದ ನೋಡು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು, ‘ವಿಎ’ ಅಕ್ಷರದ ಪ್ರತ್ಯೇಕ ನಂಬರ್ ಪ್ಲೇಟು ಕೊಟ್ಟಿತು. ಅದನ್ನು ನಂಬಿಕೊಂಡು ಕೂರಬೇಡ. ಅದು 50 ವರ್ಷ ದಾಟಿದ ಬೈಕು, ಸ್ಕೂಟರು ಮತ್ತು ಸ್ವಂತ ಬಳಕೆಯ ಕಾರುಗಳಿಗೆ ಮಾತ್ರ. ಸರಕು ಸಾಗಣೆಯ ಲಾರಿ ಆ ಪಟ್ಟಿಯಲ್ಲೇ ಇಲ್ಲ. ಅಂದರೆ ನಿನ್ನ ಬೆಂಜ್ ಎಷ್ಟೇ ಹಳೆಯದಾಗಿರಲಿ, ಕಾನೂನಿನ ಕಣ್ಣಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ತೆರಿಗೆ, ಪರ್ಮಿಟ್, ಇನ್ಶೂರೆನ್ಸ್ ಕೇಳುವ ಮಾಮೂಲಿ ಗೂಡ್ಸ್ ಗಾಡಿ. 15 ವರ್ಷ ದಾಟಿದ ಭಾರಿ ಗಾಡಿಯ ಎಫ್‌ಸಿ ಶುಲ್ಕವೂ ಈಗ ಬಹಳ ಏರಿದೆ. ಕಾರುಗಳಿಗೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂಥ ಆಸರೆ ಸಿಕ್ಕಿದೆ, ಲಾರಿಗಳ ಪಾಲಿಗೆ ಬಂದಿರುವುದು ಗುಜರಿ ಅಂಗಡಿ. ಇದು ನ್ಯಾಯವಲ್ಲ. ನಿಮ್ಮ ಕ್ಲಬ್ಬಿನ ಮೊದಲ ಮನವಿ ಈ ನಿಯಮಕ್ಕೆ ಲಾರಿಯನ್ನೂ ಸೇರಿಸಿ ಎಂಬುದೇ ಆಗಬೇಕು.

ಸದ್ಯಕ್ಕೆ ಮಾಡಬೇಕಾದ್ದು ಇದು. ಆರ್‌ಸಿಯಲ್ಲಿ ಎಚ್‌ಪಿ (ಸಾಲದ ಮೇಲೆ ಕೊಂಡದ್ದೆಂಬ) ನಮೂದು ಇದೆಯಾ ನೋಡು. ಸಾಲ ಎಂದೋ ತೀರಿರುತ್ತದೆ, ಫೈನಾನ್ಸಿನವರ ಹೆಸರು ಮಾತ್ರ ಹಾಗೇ ಉಳಿದಿರುತ್ತದೆ. ಫಾರಂ 35 ಮತ್ತು ಎನ್‌ಒಸಿ ಇಲ್ಲದೆ ಅದು ಹೋಗುವುದಿಲ್ಲ, ಫೈನಾನ್ಸ್ ಕಂಪನಿಯೇ ಮುಚ್ಚಿಹೋಗಿದ್ದರೆ ಅಲೆದಾಟ ತಪ್ಪಿದ್ದಲ್ಲ. ಮಾಲೀಕರು ಬದುಕಿದ್ದರೆ ವರ್ಗಾವಣೆಗೆ ಫಾರಂ 29 ಮತ್ತು 30, ತೀರಿಕೊಂಡಿದ್ದರೆ ವಾರಸುದಾರರಿಂದ ಫಾರಂ 31. ಕೈಬರಹದ ಹಳೆಯ ಆರ್‌ಸಿ ಪುಸ್ತಕವಾದರೆ ಸರ್ಕಾರದ ‘ವಾಹನ್’ ನೋಂದಣಿ ಕಂಪ್ಯೂಟರಿನಲ್ಲಿ ಗಾಡಿಯ ವಿವರವೇ ಇರಲಿಕ್ಕಿಲ್ಲ; ಮೊದಲು ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ದಾಖಲೆಯನ್ನು ಅದರಲ್ಲಿ ಸೇರಿಸುವ ಕೆಲಸ, ಮಾಡಿಸಬೇಕು. ಎಂವೈ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್ ಇದ್ದರೆ ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ. ಆರ್‌ಸಿ ಒಮ್ಮೆ ರದ್ದಾದರೆ ಗಾಡಿ ಮತ್ತೆ ರಸ್ತೆಗೆ ಬಾರದು. ಬರೀ ನಿಲ್ಲಿಸಿಕೊಳ್ಳುವುದಾದರೆ ಬಳಕೆಯಲ್ಲಿಲ್ಲ ಎಂದು ಆರ್‌ಟಿಒಗೆ ಮುಂಚಿತವಾಗಿ ಬರೆದುಕೊಡಿ, ಇಲ್ಲದಿದ್ದರೆ ತೆರಿಗೆ ಬಾಕಿ ಬೆಳೆಯುತ್ತಲೇ ಹೋಗುತ್ತದೆ.

ಚಾಸಿ ನಂಬರ್ ಹುಡುಕುವಾಗ ಗ್ರೈಂಡರ್ ಮುಟ್ಟಲೇಬೇಡ. ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಮೆತ್ತನೆಯ ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ, ತೆಳು ಕಾಗದ ಇಟ್ಟು ಪೆನ್ಸಿಲ್ ಅಚ್ಚು ತೆಗೆ. ಅಕ್ಷರ ಸವೆದರೆ ಗಾಡಿಯ ಗುರುತೇ ಹೋದಂತೆ. ಎಂಜಿನ್ ನಂಬರನ್ನೂ ಆರ್‌ಸಿಗೆ ತಾಳೆ ನೋಡು; ಈ ವಯಸ್ಸಿನ ಲಾರಿಗಳಲ್ಲಿ ಎಂಜಿನ್ ಬದಲಾಗಿರುವುದು ಸಾಮಾನ್ಯ. ಎಂಜಿನ್ ಮಾದರಿ 312 ಆಗಿದ್ದರೆ ಅದು ಮೂಲ ಬೆಂಜ್: ಆರು ಸಿಲಿಂಡರ್, 90 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 120 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಸುಮಾರು 4.6 ಲೀಟರ್, ಪ್ರೀ-ಚೇಂಬರ್ (ಡೀಸೆಲ್ ಮೊದಲು ಹೊತ್ತಿಕೊಳ್ಳುವ ಚಿಕ್ಕ ಕೋಣೆ), ಸ್ಟಾರ್ಟಿಂಗಿಗೆ ಹೀಟರ್ ಪ್ಲಗ್. 692 ಅಂದರೆ ಆರು ಸಿಲಿಂಡರ್, 92 ಬೋರ್. 697 ಅಂದರೆ 97 ಬೋರ್, 128 ಸ್ಟ್ರೋಕ್, ಸುಮಾರು 5.7 ಲೀಟರ್. 697 ಬಹಳ ವರ್ಷ ಲಾರಿ, ಬಸ್ಸು ಎರಡರಲ್ಲೂ ಓಡಿದ್ದರಿಂದ ಸಾಮಾನು ಸಿಗುತ್ತದೆ. 312ಕ್ಕೆ ಹೆಡ್ ಗ್ಯಾಸ್ಕೆಟ್ ಹುಡುಕುವುದೇ ಕಷ್ಟ. ಹಾಗಾಗಿ ಯಾವ ಎಂಜಿನ್ ಅಂತ ಖಾತ್ರಿಯಾಗುವವರೆಗೆ ಒಂದು ಬೋಲ್ಟನ್ನೂ ಬಿಚ್ಚಬೇಡಿ.

ಈಗ ಎಂಜಿನ್. ವರ್ಷಗಟ್ಟಲೆ ನಿಂತ ಡೀಸೆಲ್ ಗಾಡಿಯನ್ನು ಇನ್ನೊಂದು ಲಾರಿಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡುವುದು ನಮ್ಮಲ್ಲಿ ರೂಢಿ. ಎಷ್ಟೋ ಒಳ್ಳೆಯ ಎಂಜಿನ್‌ಗಳು ಸತ್ತಿರುವುದು ಹಾಗೆ ಎಳೆದಿದ್ದರಿಂದಲೇ. ಸಿಲಿಂಡರಿನೊಳಗೆ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಅಂಟಿಕೊಂಡ ರಿಂಗು ಮುರಿಯುತ್ತದೆ, ಕಚ್ಚಿಕೊಂಡ ವಾಲ್ವು ಪುಶ್‌ರಾಡನ್ನು ಬಗ್ಗಿಸುತ್ತದೆ. ಮೊದಲು ಆರೂ ಇಂಜೆಕ್ಟರ್ ಬಿಚ್ಚು. ಪ್ರತಿ ಸಿಲಿಂಡರಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಅರ್ಧರ್ಧ ಬೆರೆಸಿ ಸುಮಾರು 50 ಮಿ.ಲೀ. ಹಾಕಿ ಎರಡು ಮೂರು ದಿನ ಬಿಡು. ಟ್ಯಾಪೆಟ್ ಕವರ್ ತೆಗೆದಿಟ್ಟು, ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಲ್ಲೇ ನಿಧಾನ ತಿರುಗಿಸು. ಹನ್ನೆರಡು ವಾಲ್ವುಗಳೂ ಏರಿ ಇಳಿಯುತ್ತಿವೆಯಾ ಅಂತ ಒಬ್ಬ ನೋಡುತ್ತಿರಬೇಕು. ಬಿಗಿ ಬಂದರೆ ಬಲ ಹಾಕಬೇಡ. ಹಿಂದಕ್ಕೆ ತಿರುಗಿಸಿ, ಮತ್ತೆ ಎಣ್ಣೆ ಬಿಟ್ಟು, ಒಂದು ದಿನ ಕಾಯಿ.

ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸದೆ ಹೊಸ ಆಯಿಲ್ ಹಾಕಬೇಡ. ತಳದಲ್ಲಿ ಕಪ್ಪು ಗಸಿ ಮಂದವಾಗಿ ಕೂತಿರುತ್ತದೆ. ಈಗಿನ ಆಯಿಲಿನಲ್ಲಿ ಡಿಟರ್ಜೆಂಟ್ ಜಾಸ್ತಿ, ಅದು ಗಸಿಯನ್ನು ಬಿಡಿಸಿ ಆಯಿಲ್ ಪಂಪಿನ ಜಾಲರಿಗೆ ತಂದು ತುಂಬುತ್ತದೆ, ಬೇರಿಂಗಿಗೆ ಎಣ್ಣೆ ಹೋಗುವುದಿಲ್ಲ.

ಡೀಸೆಲ್ ಪಂಪಿನ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಪ್ರಾಣಕ್ಕೆ ಅಪಾಯ ಇರುವುದು ಇಲ್ಲಿ. ಪಂಪು ಬಹುಶಃ ನಮ್ಮ ಬೆಂಗಳೂರಿನ ಆಡುಗೋಡಿಯ ಮೈಕೋದ್ದೇ ಇರುತ್ತದೆ. 1951ರಲ್ಲಿ ಶುರುವಾದ, ಈಗ ಬಾಷ್ ಎನ್ನುವ ಆ ಕಂಪನಿ ಇಲ್ಲದಿದ್ದರೆ ದೇಶದ ಲಾರಿಗಳ ಕಥೆಯೇ ಬೇರೆಯಾಗುತ್ತಿತ್ತು. ಪಂಪಿನ ಪಕ್ಕದ ಮುಚ್ಚಳ ಬಿಚ್ಚಿದರೆ ಆರು ಪ್ಲಂಜರ್ ಸ್ಪ್ರಿಂಗುಗಳು, ಅವುಗಳ ಹಿಂದೆ ಅಡ್ಡಕ್ಕೆ ಹಾದು ಡೀಸೆಲ್ ಪ್ರಮಾಣ ನಿಯಂತ್ರಿಸುವ ಸರಳು, ಅಂದರೆ ರ‍್ಯಾಕ್ ಕಾಣುತ್ತದೆ. ರ‍್ಯಾಕ್ ಬೆರಳಲ್ಲಿ ತಳ್ಳಿದರೆ ತಡೆಯಿಲ್ಲದೆ ಅತ್ತಿತ್ತ ಸರಿಯಬೇಕು. ಹಳೆಯ ಡೀಸೆಲ್ ಅಂಟಾಗಿ ಅದು ಫುಲ್ ಕಡೆಗೆ ಕಚ್ಚಿಕೊಂಡಿದ್ದರೆ ಎಂಜಿನ್ ಸ್ಟಾರ್ಟ್ ಆದ ತಕ್ಷಣ ರೇಸ್ ಏರುತ್ತಾ ಹೋಗುತ್ತದೆ, ಸ್ಟಾಪ್ ಕೇಬಲ್ ಎಳೆದರೂ ನಿಲ್ಲುವುದಿಲ್ಲ. ವೇಗ ಹಿಡಿತದಲ್ಲಿಡುವ ಗವರ್ನರ್ ಗಾಳಿಯ ಎಳೆತದ್ದಾಗಿದ್ದರೆ ಅದರೊಳಗಿನ ಡಯಾಫ್ರಾಮ್ ಒಣಗಿ ಸೀಳಿದ್ದರೂ ಇದೇ ಗತಿ. ಡಯಾಫ್ರಾಮನ್ನು ಕಣ್ಣಾರೆ ನೋಡಿ ಬದಲಾಯಿಸಿ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಏರ್ ಕ್ಲೀನರ್ ತೆಗೆದು, ಗಾಳಿ ಹೋಗುವ ಬಾಯಿಯ ಪಕ್ಕದಲ್ಲಿ ದಪ್ಪ ಹಲಗೆ ಹಿಡಿದು ಒಬ್ಬ ನಿಂತಿರಲೇಬೇಕು. ಎಂಜಿನ್ ಕೈ ಮೀರಿದರೆ ಹಲಗೆಯಿಂದ ಬಾಯಿ ಮುಚ್ಚಿದರೆ ಉಸಿರುಕಟ್ಟಿ ನಿಲ್ಲುತ್ತದೆ. ಕೈಯನ್ನಾಗಲಿ ಬಟ್ಟೆಯನ್ನಾಗಲಿ ಹತ್ತಿರ ತರಬಾರದು, ಒಳಗೆ ಎಳೆದುಕೊಂಡುಬಿಡುತ್ತದೆ.

ನಾಜಲ್‌ಗಳನ್ನು ಟೆಸ್ಟಿಂಗಿಗೆ ಕೊಡು. 692, 697ರಂಥ, ಡೀಸೆಲ್ ನೇರ ಸಿಲಿಂಡರಿಗೇ ಸಿಡಿಯುವ ಡೈರೆಕ್ಟ್ ಇಂಜೆಕ್ಷನ್ ಎಂಜಿನಾದರೆ ಚದರ ಸೆಂ.ಮೀ.ಗೆ ಸುಮಾರು 200 ಕೆ.ಜಿ. ಒತ್ತಡಕ್ಕೆ ಬಿಚ್ಚಿಕೊಳ್ಳಬೇಕು, 312ರದ್ದು ಅದಕ್ಕಿಂತ ಬಹಳ ಕಡಿಮೆ. ಮಂಜಿನಂತೆ ಸಿಡಿಯಬೇಕು, ತುದಿಯಲ್ಲಿ ಹನಿ ತೊಟ್ಟಿಕ್ಕಬಾರದು. ತೊಟ್ಟಿಕ್ಕುವ ನಾಜಲ್ ಪಿಸ್ಟನ್ ತಲೆಯನ್ನೇ ಸುಡುತ್ತದೆ. ಟ್ಯಾಂಕ್ ಇಳಿಸಿ ತೊಳೆದು ಫಿಲ್ಟರ್ ಬದಲಿಸಿ, ಆಮೇಲೆ ಪೈಪುಗಳಲ್ಲಿ ಸೇರಿದ ಏರ್ ತೆಗೆಯಿರಿ: ಮೊದಲು ಫಿಲ್ಟರಿನ ಸ್ಕ್ರೂ, ನಂತರ ಪಂಪಿನದ್ದು, ಕೊನೆಗೆ ಇಂಜೆಕ್ಟರ್ ಪೈಪುಗಳ ನಟ್ಟು. ಸ್ಟಾಪ್ ಎಳೆದಿಟ್ಟುಕೊಂಡೇ ಸೆಲ್ಫ್ ಹೊಡೆದು, ಆಯಿಲ್ ಗೇಜಿನ ಮುಳ್ಳು ಏರಿದ ಮೇಲಷ್ಟೇ ಸ್ಟಾಪ್ ಬಿಡಿ.

ಗಾಡಿ ಕದಲುವ ಮೊದಲು ಬ್ರೇಕ್ ಆಗಿರಬೇಕು. ಈ ಕಾಲದ ಲಾರಿಗಳಲ್ಲಿ ಹೈಡ್ರಾಲಿಕ್ ಲೈನ್ ಒಂದೇ. ಎಲ್ಲೋ ಒಂದು ಹೋಸ್ ಒಡೆದರೆ ನಾಲ್ಕೂ ಕಡೆ ಬ್ರೇಕ್ ಇಲ್ಲ. ಹೋಸ್, ಸ್ಟೀಲ್ ಪೈಪು, ವೀಲ್ ಸಿಲಿಂಡರಿನ ರಬ್ಬರ್ ಕಪ್ಪುಗಳು, ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿ, ಇದರಲ್ಲಿ ಜಿಪುಣತನ ಬೇಡ. ಬಿಚ್ಚಿದ ಭಾಗಗಳನ್ನು ಪೆಟ್ರೋಲ್, ಡೀಸೆಲಿನಲ್ಲಿ ತೊಳೆದರೆ ರಬ್ಬರ್ ಊದಿ ಬ್ರೇಕ್ ಜಾಮ್ ಆಗುತ್ತದೆ. ಬ್ರೇಕ್ ಆಯಿಲಿನಲ್ಲೇ ತೊಳೆಯಿರಿ. ಹಳೆಯ ಲೈನರಿನಲ್ಲಿ ಕಲ್ನಾರು ಇರುತ್ತದೆ. ಡ್ರಮ್ಮಿನ ಧೂಳಿಗೆ ಏರ್ ಹೊಡೆಯದೆ ಒದ್ದೆ ಮಾಡಿ ಒರೆಸಿ ತೆಗೆಯಬೇಕು, ಮಾಸ್ಕ್ ಹಾಕಿಕೊಂಡು.

9.00-20 ಟೈರುಗಳು ನೋಡಲು ಚೆನ್ನಾಗಿದ್ದರೂ ಪಕ್ಕದ ಗೋಡೆಯಲ್ಲಿ ಬಿರುಕಿದ್ದರೆ ತೆಗೆದುಹಾಕಿ. ಅದಕ್ಕಿಂತ ಹೆಚ್ಚಿನ ಭಯ ಚಕ್ರದ ಡಿಸ್ಕಿಗೆ ಟೈರನ್ನು ಹಿಡಿದಿಡುವ ಲಾಕ್ ರಿಂಗಿನದು. ತುಕ್ಕು ಹಿಡಿದ ರಿಂಗು ಗಾಳಿ ತುಂಬುವಾಗ ಎಗರಿದರೆ ಎದುರಿಗಿದ್ದವರು ಉಳಿಯುವುದಿಲ್ಲ. ಕಬ್ಬಿಣದ ಪಂಜರದೊಳಗೆ ಇಟ್ಟೇ ಗಾಳಿ ಹಾಕಿಸಿ, ಉದ್ದದ ಹೋಸ್ ಹಿಡಿದು ದೂರ ನಿಲ್ಲಿ.

ಇನ್ನು ಲಾರಿಯ ಮರದ ಬಾಡಿಯ ವಿಷಯ. ಹೊನ್ನೆ, ಮತ್ತಿ, ತೇಗ, ಯಾವ ಮರ ಅಂತ ಹಳೆಯ ಬಡಗಿಯೊಬ್ಬರನ್ನು ಕರೆಸಿ ಗುರುತಿಸಿಕೊಳ್ಳಿ. ಕೊಳೆಯುವುದು ಮೇಲಿನ ಹಲಗೆಯಲ್ಲ, ಅಡ್ಡ ತೊಲೆ ಚಾಸಿಯ ಮೇಲೆ ಕೂರುವ ಜಾಗ. ಅಲ್ಲಿ ನೀರು ನಿಂತು ಆರುವುದೇ ಇಲ್ಲ. ಕೆಳಗೆ ಮಲಗಿ ದಬ್ಬಳದಿಂದ ಒಂದೊಂದೇ ತೊಲೆಗೆ ಚುಚ್ಚಿ ನೋಡು. ಮೊನೆ ಸಲೀಸಾಗಿ ಇಳಿದ ತುಂಡನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಒಣಗಿದ ಮರ ಬೆಸೆಯಿರಿ. ಉಳಿದದ್ದಕ್ಕೆ 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೊರಾಕ್ಸ್, 200 ಗ್ರಾಂ ಬೋರಿಕ್ ಪುಡಿ ಕರಗಿಸಿ ಎರಡು ಮೂರು ಸಲ ಹಚ್ಚಿ. ಗೆದ್ದಲು, ಬೂಸ್ಟು ಎರಡಕ್ಕೂ ಆಗುತ್ತದೆ. ಮಳೆಗೆ ತೊಳೆದುಹೋಗುವ ಮದ್ದು ಇದು, ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆ ಕೊಡಲೇಬೇಕು. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಹರಡಿ ಒಣಗಿಸಿ. ತೊಲೆಯನ್ನು ಚಾಸಿಗೆ ಯು-ಬೋಲ್ಟಿನಲ್ಲೇ ಬಿಗಿಯಬೇಕು. ಚಾಸಿಯ ಮೇಲಿನ ಕೆಳಗಿನ ಮಡಿಕೆಗೆ ತೂತು ಹೊಡೆದರೆ, ವೆಲ್ಡಿಂಗ್ ಮಾಡಿದರೆ ಬಿರುಕು ಅಲ್ಲಿಂದಲೇ ಶುರು.

ಬಣ್ಣಕ್ಕೆ ಇಷ್ಟೇ ಕೆಲಸ: ಬರೀ ನೀರು, ಸ್ವಲ್ಪ ಸೋಪು, ಮೆತ್ತನೆ ಬಟ್ಟೆ. ಡಾಲಾದ ಮೇಲಿನ ‘ಸೌಂಡ್ ಹಾರ್ನ್’, ಮನೆದೇವರ ಹೆಸರು, ಟ್ರಾನ್ಸ್‌ಪೋರ್ಟ್ ಕಂಪನಿಯ ವಿಳಾಸ, ಇವು ಪೇಂಟರ್ ಕೈಯಿಂದ ಬರೆದ ಅಕ್ಷರಗಳು. ಮುಟ್ಟುವ ಮೊದಲು ಟ್ರೇಸಿಂಗ್ ಕಾಗದದಲ್ಲಿ ಪೂರ್ತಿ ಅಳತೆಗೆ ಇಳಿಸಿಕೊಳ್ಳಿ. ಒಳಗೆ ಏನಿದೆ ಅಂತ ಕುತೂಹಲವಿದ್ದರೆ ಬಾಗಿಲ ಮೂಲೆಯಲ್ಲಿ ಎರಡಿಂಚು ಚೌಕದಷ್ಟು ಜಾಗವನ್ನು 600 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ತಿಕ್ಕು. ಒಂದರ ಕೆಳಗೊಂದು ಪದರ ಎದ್ದು, ಲಾರಿ ಎಷ್ಟು ಕೈ ಬದಲಾಯಿಸಿತು, ಮೊದಲ ಮಾಲೀಕ ಯಾವ ಬಣ್ಣ ಹೊಡೆಸಿದ್ದ ಅಂತ ಕಾಣುತ್ತದೆ. ಒಣದಾಗಿ ತಿಕ್ಕಬಾರದು, ಹಳೆಯ ಹಳದಿ ಕೆಂಪು ಬಣ್ಣಗಳಲ್ಲಿ ಸೀಸ ಇರುತ್ತದೆ.

ಗಾಡಿ ನಿಲ್ಲಿಸುವುದು ಹೇಗೆ ಎಂದೂ ನೀನು ಕೇಳಿದ್ದೆ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಗಾಳಿಯಾಡುವ ತಗಡಿನ ಶೆಡ್ಡು ಸಾಕು. ಭಾರ ಟೈರಿನ ಮೇಲೆ ಬೀಳದಂತೆ ಆಕ್ಸಲ್ ಕೆಳಗೆ ಸ್ಟ್ಯಾಂಡು, ಸೈಲೆನ್ಸರ್ ಬಾಯಿಗೆ ಕಡಜ ಗೂಡು ಕಟ್ಟದಂತೆ ಜಾಲರಿ, ಟ್ಯಾಂಕು ತುಂಬಾ ಡೀಸೆಲ್. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಚಾಳಿ ಬೇಡವೇ ಬೇಡ. ಎಂಜಿನ್ ಬಿಸಿಯಾಗದೆ ಒಳಗಿನ ತೇವ ಆಯಿಲಿಗೇ ಇಳಿಯುತ್ತದೆ. ಓಡಿಸಿದರೆ ಪೂರ್ತಿ ಕಾಯುವಂತೆ ಓಡಿಸಿ, ಇಲ್ಲವೇ ಸುಮ್ಮನೆ ಬಿಡಿ.

ಕ್ಲಬ್ಬನ್ನು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಮಾಡಿಸುವುದಾದರೆ ಕನಿಷ್ಠ ಏಳು ಜನ ಬೇಕು. ಆ ಏಳರಲ್ಲಿ ಒಬ್ಬರಾದರೂ ಫಿಟ್ಟರ್, ಒಬ್ಬರು ಬಾಡಿ ಮೇಸ್ತ್ರಿ ಇರಲಿ. ಲಾರಿ ಒಂದೇ ಸಾಕು. ಹತ್ತು ಕೂಡಿಹಾಕಿ ಹತ್ತನ್ನೂ ಮಳೆಯಲ್ಲಿ ನೆನೆಸುವ ಕ್ಲಬ್ಬಿಗಿಂತ ಒಂದನ್ನು ಓಡುವ ಸ್ಥಿತಿಯಲ್ಲಿಟ್ಟ ಕ್ಲಬ್ ದೊಡ್ಡದು. ಬ್ರಿಟನ್ನಿನಲ್ಲಿ 1958ರಿಂದ ಹಳೆಯ ವಾಣಿಜ್ಯ ವಾಹನಗಳ ಸೊಸೈಟಿ ಇದೆ, 1962ರಿಂದ ಅವರ ಲಾರಿಗಳು ಲಂಡನ್ನಿನಿಂದ ಬ್ರೈಟನ್ನಿಗೆ ಓಡುತ್ತವೆ. ಅಮೆರಿಕದಲ್ಲಿ 1971ರಲ್ಲಿ ಹುಟ್ಟಿದ ಟ್ರಕ್ ಇತಿಹಾಸ ಸಂಘ ಗಾಡಿಗಳಷ್ಟೇ ಆಸ್ಥೆಯಿಂದ ಕಾಗದಗಳನ್ನೂ ಜೋಪಾನ ಮಾಡಿದೆ. ನೀವು ಕಲಿಯಬೇಕಾದ್ದು ಈ ಎರಡನೆಯದನ್ನು.

ಗಿರಣಿಯ ಅಟ್ಟದ ಮೇಲೆ ಎಲ್‌ಆರ್ (ಸರಕಿನ ರಸೀದಿ) ಬುಕ್ಕು, ಟ್ರಿಪ್ ಶೀಟು, ಪರ್ಮಿಟ್ ಪುಸ್ತಕ ಇದ್ದೇ ಇರುತ್ತವೆ. ಲ್ಯಾಮಿನೇಷನ್ ಮಾಡಿಸಬೇಡ, ಸೆಲ್ಲೋಟೇಪ್ ಅಂಟಿಸಬೇಡ. ಕಾರ್ಬನ್ ಪ್ರತಿಗಳನ್ನು ಮೊದಲು ಸ್ಕ್ಯಾನ್ ಮಾಡಿಸು, ಅವು ಮಾಸುವುದು ಬೇಗ. ಆ ಗಾಡಿ ಓಡಿಸಿದ ಡ್ರೈವರಣ್ಣ, ಕ್ಲೀನರ್ ಯಾರಾದರೂ ಊರಲ್ಲಿ ಇದ್ದರೆ ಎಂಜಿನ್ ಕೆಲಸಕ್ಕಿಂತ ಮುಂಚೆ ಅವರ ಬಳಿ ಹೋಗು. ‘ಆ ಕಾಲ ಹೇಗಿತ್ತು’ ಅಂತ ಕೇಳಿದರೆ ‘ಚೆನ್ನಾಗಿತ್ತು’ ಅಂತಾರೆ, ಅಷ್ಟಕ್ಕೇ ಮುಗಿಯುತ್ತದೆ. ಘಾಟಿ ಇಳಿಯುವಾಗ ಯಾವ ಗೇರು, ಎಷ್ಟು ಮೂಟೆ ಲೋಡು, ತಾಡಪಾಲಿನ ಹಗ್ಗಕ್ಕೆ ಯಾವ ಗಂಟು, ಪಾಟಾ (ಸ್ಪ್ರಿಂಗ್ ಪಟ್ಟಿ) ಮುರಿದರೆ ದಾರಿಯಲ್ಲಿ ಏನು ಮಾಡುತ್ತಿದ್ದಿರಿ ಅಂತ ಕೇಳು. ಹಗ್ಗ ಕೈಗೆ ಕೊಟ್ಟು ಗಂಟು ಹಾಕಿಸಿ ವಿಡಿಯೋ ಮಾಡಿಕೋ.

ಎಂಜಿನ್ ನಂಬರಿನ ಫೋಟೊ, ಪಂಪಿನ ಮೇಲಿನ ಮೈಕೋ ಪ್ಲೇಟಿನ ಫೋಟೊ ಎರಡನ್ನೂ ಕಳಿಸು. ಗ್ಯಾಸ್ಕೆಟ್, ಡಯಾಫ್ರಾಮ್ ಯಾವುದು ಬೇಕು ಅಂತ ನೋಡಿ ಬರೆಯುತ್ತೇನೆ. ಅಲ್ಲಿಯವರೆಗೆ ಪೇಂಟರಿಗೆ ಅಡ್ವಾನ್ಸ್ ಕೊಡಬೇಡ.

ಇಂತಿ ನಿನ್ನ ಗೆಳೆಯ