ಹುಲಿ ತೋರಿಸದ ಮ್ಯೂಸಿಯಂ ಸುತ್ತಾಟ: ಅರ್ಧ ಹಣ ವಾಪಸ್ ಕೊಡಿ

ಇವರಿಗೆ,
ವ್ಯವಸ್ಥಾಪಕರು,
ಮಕ್ಕಳ ಸುತ್ತಾಟ ವಿಭಾಗ, ಮುಂಬೈ

ಮಾನ್ಯರೇ,

ನಾವು ಡೊಂಬಿವಲಿಯವರು. "ಎರಡರಿಂದ ಐದು ವರ್ಷದ ಮಕ್ಕಳಿಗೆ ಕನ್ನಡದಲ್ಲೇ ಪ್ರಾಣಿ ಪಕ್ಷಿಗಳ ಪರಿಚಯ, ಹತ್ತು ಮಕ್ಕಳಿಗಿಂತ ಜಾಸ್ತಿ ಇಲ್ಲ" ಎಂಬ ನಿಮ್ಮ ಜಾಹೀರಾತು ನಂಬಿ 3,200 ರೂಪಾಯಿ ಕಟ್ಟಿದೆವು. ಬಂದವರು ನಾನು, ನಮ್ಮತ್ತೆ, ನಾಲ್ಕು ವರ್ಷದ ಮಗಳು, ಎರಡೂವರೆ ವರ್ಷದ ಮಗ. ಶನಿವಾರ ಇದ್ದದ್ದನ್ನು ಹಿಂದಿನ ರಾತ್ರಿ ಮೆಸೇಜ್ ಹಾಕಿ ಭಾನುವಾರಕ್ಕೆ ತಳ್ಳಿದಿರಿ. ಭಾನುವಾರ ಅಂದರೆ ಮೆಗಾಬ್ಲಾಕ್, ರಿಪೇರಿಗೆಂದು ಲೋಕಲ್ ರೈಲುಗಳೇ ಕಡಿಮೆ ಎಂದು ಮುಂಬೈಯವರಿಗೆ ನಾನು ಹೇಳಬೇಕೇ? ಹೋಗಲಿ ಬಿಡಿ.

ಸುತ್ತಾಟ ನಡೆದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಮೇಲೆ ನನ್ನ ತಕರಾರು ಏನೂ ಇಲ್ಲ. ದೂರು ನಿಮ್ಮ ಮೇಲೆ.

ಗೇಟಿನ ಒಳಗೆ ಎಣಿಸಿದರೆ ಇಪ್ಪತ್ಮೂರು ಮಕ್ಕಳು, ಒಬ್ಬರೇ ಗೈಡ್. ಅವರು ತೋಟದಲ್ಲೇ ನಿಲ್ಲಿಸಿ 1905ರಲ್ಲಿ ಅಡಿಗಲ್ಲು ಹಾಕಿದ್ದು, 1922ರಲ್ಲಿ ಬಾಗಿಲು ತೆರೆದದ್ದು, ಜಾರ್ಜ್ ವಿಟೆಟ್ ಎಂಬುವರು ನಕ್ಷೆ ಮಾಡಿದ್ದು ಎಲ್ಲ ಹೇಳಿದರು. ಚೆನ್ನಾಗಿಯೇ ಹೇಳಿದರು, ನನಗೆ ಇಷ್ಟವಾಯಿತು. ಆದರೆ ನನ್ನ ಮಗನಿಗೆ ನಿನ್ನೆ ಯಾವುದು, ನಾಳೆ ಯಾವುದು ಎಂದೇ ಇನ್ನೂ ಗೊತ್ತಿಲ್ಲ. "ಹುಲಿ ಎಲ್ಲಿ?" ಎಂದು ಅವನು ಎಷ್ಟು ಸಲ ಕೇಳಿದನೋ. ಆಮೇಲೆ ಶಿಲ್ಪಗಳು, ಆಮೇಲೆ ಚಿಕಣಿ ಚಿತ್ರಗಳು. ಒಂದೊಂದಕ್ಕೂ ಮಗುವನ್ನು ಎತ್ತಿ ಎತ್ತಿ ನನ್ನ ಕೈ ಸೋತುಹೋಯಿತು. ಪ್ರಾಣಿಗಳ ವಿಭಾಗ ತಲುಪುವಾಗ ಒಂದೂಕಾಲು ಗಂಟೆ ಕಳೆದಿತ್ತು. ಹುಲಿ ಎದುರಿಗೇ ಇತ್ತು. ಅದನ್ನು ನೋಡಬೇಕಾದವನು ನನ್ನ ಹೆಗಲ ಮೇಲೆ ಜೊಲ್ಲು ಸುರಿಸುತ್ತಾ ಮಲಗಿದ್ದ. "ಇನ್ನು ಹತ್ತು ನಿಮಿಷ ಇದೆ, ನೀವೇ ನೋಡ್ಕೊಂಡು ಬನ್ನಿ" ಎಂದರು ನಿಮ್ಮ ಗೈಡ್.

ನಮ್ಮತ್ತೆ ದಾಂಡೇಲಿ ಕಡೆಯವರು. ಹಾರ್ನ್‌ಬಿಲ್ ಕಂಡಿದ್ದೇ ತಡ, "ಇದು ನಮ್ಮೂರ ಮಂಗಟ್ಟೆ ಕಣೇ" ಎಂದು ಮೊಮ್ಮಗಳನ್ನು ಹತ್ತಿರ ಕರೆದರು. ತಾಯಿ ಹಕ್ಕಿ ಮರದ ಪೊಟರೆಯಲ್ಲಿ ಕೂತು ಒಂದು ಸಣ್ಣ ಸೀಳು ಮಾತ್ರ ಬಿಟ್ಟು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಅಪ್ಪ ಹಕ್ಕಿ ಹಣ್ಣು ತಂದು ಆ ಸೀಳಿನಲ್ಲೇ ತಿನ್ನಿಸುತ್ತದೆ ಎಂದು ಹೇಳಿದರು. "ಅಪ್ಪ ಮರೆತುಬಿಟ್ರೆ?" ಎಂದು ಯಾರದೋ ಮಗು ಕೇಳಿತು. ಅಷ್ಟರಲ್ಲಿ ಏಳೆಂಟು ಮಕ್ಕಳು ಸುತ್ತ ಕೂತಿದ್ದವು. ಒಂದೂ ಅಳಲಿಲ್ಲ. ನಾವು ದುಡ್ಡು ಕೊಟ್ಟಿದ್ದು ಇದಕ್ಕೇ ಅಲ್ವಾ?

ಈ ವಿಭಾಗಕ್ಕೆ ನೆರವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಗುರುತೇ ಮಂಗಟ್ಟೆ. 1894ರಿಂದ 1920ರವರೆಗೆ ವಿಲಿಯಂ ಎಂಬ ಮಂಗಟ್ಟೆ ಸೊಸೈಟಿಯಲ್ಲೇ ಇತ್ತು. ಇಸವಿಗಳನ್ನೇ ಹೇಳಬೇಕಿದ್ದರೆ ಇವನ್ನಾದರೂ ಹೇಳಬಹುದಿತ್ತು.

ಸೋಮವಾರ ಫೋನ್ ಮಾಡಿದರೆ ನಿಮ್ಮ ಆಫೀಸಿನವರು, "ಮಕ್ಕಳು ಅಂದ್ಮೇಲೆ ಹಠ ಮಾಡ್ತಾವೆ ಮೇಡಂ" ಎಂದರು. ಹಠ ಎಲ್ಲಿ ಮಾಡಿದವು? ಒಂದು ಗಂಟೆಗೂ ಜಾಸ್ತಿ ಸುಮ್ನೆ ನಿಂತಿದ್ದವು ಪಾಪ.

ಹದಿನೈದು ದಿನದೊಳಗೆ 1,600 ರೂಪಾಯಿ ವಾಪಸ್ ಕೊಡಿ. ಹತ್ತು ಮಕ್ಕಳು ಎಂದು ಬರೆದರೆ ಹತ್ತೇ ಮಕ್ಕಳನ್ನು ಸೇರಿಸಿ. ಪ್ರಾಣಿಗಳನ್ನು ಮೊದಲು ತೋರಿಸಿ, ಶಿಲ್ಪ ಆಮೇಲೆ ಆದೀತು. ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ರಸೀದಿ ಮತ್ತು ಜಾಹೀರಾತಿನ ಫೋಟೋ ಇದರ ಜೊತೆಗಿದೆ.

ಇತಿ,
ಡೊಂಬಿವಲಿಯ ಇಬ್ಬರು ಮಕ್ಕಳ ತಾಯಿ