ಮಿಕ್ಸಿ ಪುಸ್ತಕ ಬರೆಯೋಕೂ ಡಿಗ್ರಿ ಬೇಕಾ?

ಗೆಳೆಯಾ,

ಮಗಳು ಅಮೆರಿಕಕ್ಕೆ ಹೋಗಿ ಟೆಕ್ನಿಕಲ್ ಕಮ್ಯುನಿಕೇಶನ್, ಅಂದರೆ ಕೈಪಿಡಿ ಬರೆಯುವಂಥ ವಿದ್ಯೆ, ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ, 'ಮಿಕ್ಸಿ ಡಬ್ಬದಲ್ಲಿ ಬರೋ ಪುಸ್ತಕ ಬರೆಯೋಕೂ ಡಿಗ್ರಿ ಬೇಕಾ?' ಅಂತ ಕೇಳಿದ್ದೀಯ. ಹದಿನಾರು ವರ್ಷದಿಂದ ಅಂಥದ್ದೇ ಬರೆದು ಹೊಟ್ಟೆ ಹೊರೆಯುತ್ತಿರುವವನನ್ನು ಕೇಳಿದ್ದೀಯ, ಇರಲಿ. ನಾನಂತೂ ಇದನ್ನು ಓದಿ ಬಂದವನಲ್ಲ. ಇಂಗ್ಲಿಷ್ ಸುಮಾರಾಗಿ ಬರುತ್ತೆ ಅಂತ ಕೆಲಸ ಕೊಟ್ಟರು, ಅಷ್ಟೇ.

ಮೊದಲ ವರ್ಷ ಒಂದು ಯುಪಿಎಸ್‌ಗೆ ಕೈಪಿಡಿ ಬರೆದೆ. 'ಮುಚ್ಚಳ ತೆಗೆದು ಬ್ಯಾಟರಿ ವೈರ್ ಬಿಚ್ಚಿ. ಅದಕ್ಕೂ ಮುಂಚೆ ಮೇನ್ಸ್ ಆಫ್ ಮಾಡಿರಬೇಕು.' ವ್ಯಾಕರಣ ಸರಿ, ಮಾಹಿತಿಯೂ ಸರಿ. ಆದರೆ ಸರ್ವಿಸ್ ಹುಡುಗ ಒಂದೊಂದೇ ವಾಕ್ಯ ಓದಿ, ಅದರಂತೆ ಮಾಡಿ, ಮುಂದಿನದಕ್ಕೆ ಹೋಗುತ್ತಿದ್ದ. ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಅವನ ಸ್ಕ್ರೂಡ್ರೈವರ್ ಒಳಗಿತ್ತು. ಪಕ್ಕದಲ್ಲಿದ್ದವರು ಕೂಗಿದ್ದಕ್ಕೆ ಬಚಾವಾದ. ಜನ ಹೇಗೆ ಓದುತ್ತಾರೆ ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಿನ್ನ ಮಗಳು ಕಲಿಯಲು ಹೊರಟಿರುವುದು ಅದನ್ನೇ.

ಆ ತರಗತಿಗಳಲ್ಲಿ ಓದಿಸುವ ಒಂದು ಪ್ರಕರಣ ಕೇಳು. 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಉಳಿಯಿತು. ರಿಯಾಕ್ಟರನ್ನು ತಣ್ಣಗಿಡುವ ನೀರು ಹೊರಗೆ ಹೋಗುತ್ತಿತ್ತು. ಆಪರೇಟರ್‌ಗಳು ಒಳಗೆ ನೀರು ಜಾಸ್ತಿಯಾಗಿದೆ ಎಂದುಕೊಂಡು ತುರ್ತು ಪಂಪಿನ ನೀರನ್ನೇ ಕಡಿಮೆ ಮಾಡಿದರು. ಇಂಥದ್ದೇ ತಪ್ಪು 1977ರ ಸೆಪ್ಟೆಂಬರಿನಲ್ಲಿ ಒಹಾಯೋದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಆಗಿತ್ತು. ರಿಯಾಕ್ಟರ್ ಮಾಡಿಕೊಟ್ಟ ಬ್ಯಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಕಂಪನಿಯ ಎಂಜಿನಿಯರ್‌ಗಳು ಅದನ್ನು ಗಮನಿಸಿ ಮೆಮೊಗಳನ್ನೂ ಬರೆದಿದ್ದರು. ಮೊದಲ ಮೆಮೊದ ಧಾಟಿ ಹೀಗಿತ್ತು: ಗ್ರಾಹಕರಿಗೆ ನಾವು ಸಾಕಷ್ಟು ಸೂಚನೆ ಕೊಡುತ್ತಿಲ್ಲವೇನೋ. ಆ 'ವೇನೋ' ನೋಡು! ಮರ್ಯಾದೆಯ ಮಾತು. ಓದಿದವನು ಎದ್ದು ಓಡುವ ಮಾತಲ್ಲ. ಸುಮಾರು ಮೂರು ತಿಂಗಳಾದ ಮೇಲೆ ಇನ್ನೊಬ್ಬರು ಖಡಕ್ಕಾಗಿ ಬರೆದರು. ಅದೂ ಕಂಪನಿಯೊಳಗೇ ಸುತ್ತಾಡಿತು. ವಾಲ್ವ್ ಮುಂದೆ ನಿಲ್ಲುವವರ ಕೈಗೆ ಮಾತ್ರ ಅಪಘಾತಕ್ಕೆ ಮುಂಚೆ ತಲುಪಲಿಲ್ಲ. ಮೆಮೊ ಬರೆದವರಿಗೆ ಎಂಜಿನಿಯರಿಂಗ್ ಚೆನ್ನಾಗಿಯೇ ಗೊತ್ತಿತ್ತು.

ಇನ್ನೊಂದು ಕಥೆ ಖುಷಿಯದ್ದು. 1980ರ ದಶಕದಲ್ಲಿ ಐಬಿಎಂ ಕಂಪ್ಯೂಟರ್ ಕಂಪನಿಯಲ್ಲಿ ಸಂಶೋಧಕರಾಗಿದ್ದ ಜಾನ್ ಕ್ಯಾರಲ್, ವರ್ಡ್ ಪ್ರೊಸೆಸರ್ ಕಲಿಯುತ್ತಿದ್ದವರನ್ನು ಕೂತು ಗಮನಿಸಿದರು. ಕೈಪಿಡಿಯನ್ನು ಮೊದಲಿಂದ ಓದುವ ತಾಳ್ಮೆ ಯಾರಿಗಿದೆ? ಗುಂಡಿ ಒತ್ತೋದು, ಸಿಕ್ಕಿಹಾಕಿಕೊಳ್ಳೋದು, ಆಮೇಲೆ ಪುಟ ಹುಡುಕೋದು. ಹೊಸ ಫೋನ್ ತಂದಾಗ ನೀನು ಮಾಡೋದೂ ಇದೇ ಅಲ್ವಾ? ಕ್ಯಾರಲ್ ಕೈಪಿಡಿಯನ್ನು ಕತ್ತರಿಸಿ ತೀರಾ ಚಿಕ್ಕದು ಮಾಡಿದರು. ತಪ್ಪಿದಾಗ ಹಿಂದೆ ಬರುವ ದಾರಿ ಸೇರಿಸಿದರು. ಜನ ಬೇಗ ಕಲಿತರು.

ಕೆಲಸದ ವಿಷಯ ಮುಚ್ಚಿಡಲ್ಲ. ಅಮೆರಿಕದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ ಎಂಬ ಹಳೆಯ ಸಂಘವೇ 2025ರಲ್ಲಿ ದಿವಾಳಿಯಾಗಿ ಬಾಗಿಲು ಹಾಕಿತು. ಸುಮ್ನೆ ಪುಟ ತುಂಬಿಸುವವರಿಗೆ ಎಐ ಬಂದ ಮೇಲೆ ಕಷ್ಟಕಾಲ. ನಾನೂ ದಿನಾ ಅದನ್ನು ಬಳಸುತ್ತೇನೆ. ನನ್ನ ಯುಪಿಎಸ್ ವಾಕ್ಯವನ್ನು ಅದು ಇನ್ನೂ ನಯವಾಗಿ ಬರೆದುಕೊಡುತ್ತೆ. ಆದರೆ ಅದು ಸರ್ವಿಸ್ ಹುಡುಗನ ಪಕ್ಕ ಹೋಗಿ ನಿಲ್ಲಲ್ಲ.

ಹಾಗಾಗಿ ಕಾಲೇಜು ಆರಿಸುವಾಗ ಯೂಸಬಿಲಿಟಿ ಟೆಸ್ಟಿಂಗ್ (ಬಳಸುವವರ ಕೈಗೆ ಕೊಟ್ಟು ಎಲ್ಲಿ ಎಡವುತ್ತಾರೆ ಅಂತ ನೋಡೋದು) ಕಲಿಸುತ್ತಾರಾ, ನಿಜವಾದ ಓದುಗರ ಮುಂದೆ ಕೂರಿಸುತ್ತಾರಾ ವಿಚಾರಿಸು. ಬರೀ ಸಾಫ್ಟ್‌ವೇರ್ ಟೂಲ್ ಕಲಿಸುವ ಕಡೆಗೆ ಸಾಲ ಮಾಡಿ ಕಳಿಸಬೇಡ. ಟೂಲು ಕೆಲಸಕ್ಕೆ ಸೇರಿದ ಮೇಲೆ ತಾನಾಗೇ ಬರುತ್ತೆ.

ಅದಕ್ಕೂ ಮುಂಚೆ ಒಂದು ಕೆಲಸ ಮಾಡು. ವಾಟ್ಸಾಪಿನಲ್ಲಿ ಫೋಟೊ ಕಳಿಸೋದು ಹೇಗೆ ಅಂತ ಅರ್ಧ ಪುಟ ಕನ್ನಡದಲ್ಲಿ ಬರೆದು ಅವಳು ನಿಮ್ಮಮ್ಮನ ಕೈಗೆ ಕೊಡಲಿ. ಪಕ್ಕದಲ್ಲೇ ಕೂರಲಿ, ಆದರೆ ಬಾಯಿ ಬಿಡಬಾರದು, ಬೆರಳು ತೋರಿಸಬಾರದು. ಅಮ್ಮ ಎಲ್ಲಿ ನಿಂತರೋ ಅಲ್ಲಿ ಗುರುತು ಹಾಕಿಕೊಳ್ಳಲಿ. ಆಮೇಲೆ ಅವಳು 'ಅಜ್ಜಿಗೆ ಏನೂ ಗೊತ್ತಾಗಲ್ಲ' ಅಂದರೆ ಎಂಬಿಎ ಮಾಡಿಸು. ಹಾಳೆ ಹರಿದು ಮತ್ತೆ ಬರೆಯಲು ಕೂತರೆ ನನಗೆ ಫೋನ್ ಮಾಡು.

ನಿನ್ನವ